ದೊಡ್ಡಮ್ಮನ ದನಿಯಲ್ಲಿ ಒಪ್ಪಿಕೊಂಡ ಬೊಂತೆಗಳು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರು ಹೇಳಿ ನನ್ನ ಮಾನ ಕಳೆಯುವುದು ಬೇಡ. ಆ ವರ್ಷದ ಚಳಿಗಾಲ ಪೂರ್ತಿ ನಮ್ಮೂರಿನ ಮೂರು ಜನ ಹೆಂಗಸರ ಬೆರಳು ತೂತುಬಿದ್ದದ್ದು, ಅವರಲ್ಲಿ ಒಬ್ಬರ ಸೊಂಟ ಹಿಡಿದುಕೊಂಡದ್ದು, ಇನ್ನೊಬ್ಬರು ಗಂಡನ ಜೊತೆ ಮಾತು ಬಿಟ್ಟದ್ದು, ಎಲ್ಲಾ ನನ್ನ ಬಾಯಿಯಿಂದ. ಹಾಗಂತ ನಾನೇನೂ ಚಾಡಿ ಹೇಳಿದವನಲ್ಲ. ನನಗೆ ದನಿ ಕದಿಯುವ ಚಟ.

ಹೊಸೂರು ಬಸ್ಸಿನ ಫುಟ್‌ಬೋರ್ಡ್ ಮೇಲೆ ನಿಂತು ಕಂಡಕ್ಟರ್ ಥರ ಮೂಗಿನಲ್ಲಿ “ಉಳ್ಳೇ ಪೋ, ಉಳ್ಳೇ ಪೋ” ಅಂದರೆ ಜನ ಪಾಪ ಒಳಗೆ ಜರುಗುತ್ತಾರೆ. ಒಂದು ಸಲ ಕಂಡಕ್ಟರೇ ಜರುಗಿದ್ದಾನೆ. ನಮ್ಮ ಕಂಪನಿಯ ಸೂಪರ್‌ವೈಸರ್ ಕೆಮ್ಮುವ ಹಾಗೆ ಕೆಮ್ಮಿದರೆ ಇಡೀ ಲೈನು ಮೊಬೈಲನ್ನು ಜೇಬಿಗೆ ಹಾಕಿಕೊಳ್ಳುತ್ತದೆ. ನನ್ನ ಸ್ವಂತ ದನಿ ಯಾವುದು ಅಂತ ಕೇಳಿದರೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕು. ಗೊತ್ತಿರುವವರು ಹೇಳುವ ಪ್ರಕಾರ ಅದು ಎಣ್ಣೆ ಕಾಣದ ಕೈಗಾಡಿಯ ದನಿ. ಕದ್ದವುಗಳಲ್ಲೆಲ್ಲ ನನಗೆ ಹೆಮ್ಮೆ ಇದ್ದದ್ದು ನಮ್ಮ ದೊಡ್ಡಮ್ಮನ ದನಿಯ ಮೇಲೆ. ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ, ಪಾಪಮ್ಮ. ಒಣಗಿದ ಹಿಪ್ಪುನೇರಳೆ ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಮುರಿದರೆ ಬರುವಂಥ ದನಿ. ಆ ದನಿಯೇ ನನ್ನನ್ನು ತಿಂದದ್ದು.

ಇದೆಲ್ಲ ನೆನಪಾದದ್ದಾದರೂ ಎಲ್ಲಿ ಅಂತೀರಿ? ಬೇರೆಯವರಿಗೆ ಮೊದಲ ಮಳೆಯ ಮಣ್ಣಿನ ವಾಸನೆಗೋ, ಸಂಪಿಗೆ ವಾಸನೆಗೋ ಹಳೆಯದೆಲ್ಲ ನುಗ್ಗಿ ಬರುತ್ತದಂತೆ. ನನ್ನ ಹಣೆಬರಹ, ಮೊನ್ನೆ ಕಂಪನಿಯ ಕಕ್ಕಸಿನಲ್ಲಿ ಬಂತು. ಯಾರೋ ಬ್ಲೀಚಿಂಗ್ ಪೌಡರ್ ಎರಚಿ ತೊಳೆದಿದ್ದರು. ಬಾಗಿಲು ತೆಗೆದವನು ಹಾಗೇ ನಿಂತುಬಿಟ್ಟೆ. ಹಿಂದೆ ಇದ್ದವನು “ಏನಣ್ಣಾ, ಒಳಗ್ ಹೋಗ್ತೀಯಾ, ಇಲ್ಲಾ ಕೈ ಮುಗ್ದು ಬತ್ತೀಯಾ?” ಅಂದ. ನನ್ನ ಮೂಗು ಆಗಲೇ ಡೆಂಕಣಿಕೋಟೆ ರಸ್ತೆ ಹಿಡಿದು, ನಮ್ಮೂರಿನ ತಿರುವಿನಲ್ಲಿ ಇಳಿದು, ದೊಡ್ಡಮ್ಮನ ಹುಳುಮನೆಯ ಬಾಗಿಲಿಗೆ ಹೋಗಿ ನಿಂತಿತ್ತು ಅಂತ ಅವನಿಗೇನು ಗೊತ್ತು?

ಹುಳುಮನೆ ಅಂದರೆ ರೇಷ್ಮೆ ಹುಳು ಸಾಕುವ ಉದ್ದನೆಯ ಶೆಡ್ಡು. ಒಂದು ಬೆಳೆ ಗೂಡು ಬಿಡಿಸಿ ಮಾರಿದ ಮೇಲೆ, ರೋಗ ಉಳಿಯಬಾರದು ಅಂತ ಅದನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು ಬಿಡುತ್ತಾರೆ. ಚಳಿಗಾಲದಲ್ಲಿ ದೊಡ್ಡಮ್ಮ ಹುಳು ಮೇಯಿಸುವುದಿಲ್ಲ. ಶೆಡ್ಡು ಖಾಲಿ. ಆ ಖಾಲಿ ಶೆಡ್ಡಿನಲ್ಲಿ ಕೂತು ನಾವು ಆ ವರ್ಷ ಬೊಂತೆ ಹೊಲಿದೆವು. ಓದಿದವರು ಕೌದಿ ಅನ್ನುತ್ತಾರೆ. ಹಳೇ ಸೀರೆ, ಹಳೇ ಪಂಚೆ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣ ಬಣ್ಣದ ಚಿಂದಿ ತುಂಡು ಜೋಡಿಸಿ, ಕೈಯಲ್ಲೇ ದಾರ ಓಡಿಸಿ ಹೊಲಿದ ಹೊದಿಕೆ. ನಮ್ಮ ಕಡೆ ಬೊಂತೆ ಇಲ್ಲದ ಮನೆ ಇಲ್ಲ. ಈಗ ಅಂಗಡಿಯ ರಗ್ಗು ಬಂದ ಮೇಲೆ ಅದು ನಾಯಿ ಮಲಗುವ ಜಾಗಕ್ಕೆ ಇಳಿದಿದೆ, ಆ ಮಾತು ಬೇರೆ.

ಬೊಂತೆಯ ಕೆಲಸ ಶುರುವಾದದ್ದು ಅದಕ್ಕೂ ಹಿಂದಿನ ವರ್ಷ, ಬಸ್ಸಿನಲ್ಲಿ. ಡೆಂಕಣಿಕೋಟೆಯಿಂದ ಬರುವಾಗ ದೊಡ್ಡಮ್ಮನ ಪಕ್ಕ ಒಬ್ಬ ಟೀಚರು ಕೂತಿದ್ದರು, ಹೆಸರು ಸೆಲ್ವಿ. ತೊಡೆ ಮೇಲೆ ಒಂದು ಚೀಲದ ತುಂಬ ಕೆಮ್ಮಿನ ಔಷಧಿ. ದೊಡ್ಡಮ್ಮನಿಗೆ ಪಕ್ಕದವರ ಚೀಲದಲ್ಲಿ ಏನಿದೆ ಅಂತ ತಿಳಿಯದೆ ಊರು ಬರುವುದಿಲ್ಲ. ಕೇಳಿದಳು. ಕಾಡಂಚಿನ ಬೆಟ್ಟದ ಮೇಲೆ ಒಂದು ಶಾಲೆ, ಮಕ್ಕಳು ಅಲ್ಲೇ ಉಂಡು ಅಲ್ಲೇ ಮಲಗುತ್ತಾರೆ, ಅಪ್ಪ ಅಮ್ಮ ಕೂಲಿಗೆ ಅಂತ ದೂರ ಹೋಗಿರುತ್ತಾರೆ, ಚಳಿಗೆ ಕೆಮ್ಮು ಬಿಡುತ್ತಿಲ್ಲ ಅಂತ ಟೀಚರು ಹೇಳಿದರು. ಅಷ್ಟೇ ಸಾಕಾಯಿತು. “ಹೊದಿಯೋಕೆ ಕೊಡ್ದೆ ಔಸ್ತಿ ಕುಡಿಸ್ತೀಯೇನಮ್ಮಾ? ಯಾವೂರ್ ಬುದ್ಧಿ ಇದು? ಓದ್ಕೊಂಡೋಳು ನೀನು!” ಅಂತ ಗುರುತಿಲ್ಲದ ಆ ಹೆಂಗಸನ್ನು ನಮ್ಮೂರು ಬರುವವರೆಗೂ ಬೈದು, ಇಳಿಯುವಾಗ ಅವರ ನಂಬರನ್ನು ನನ್ನ ಕೈಲಿ ಫೋನಿಗೆ ಹಾಕಿಸಿದಳು. ಆ ಚಳಿಗಾಲ ಮುಗಿಯುವುದರೊಳಗೆ ಅತಿ ಚಿಕ್ಕ ಮಕ್ಕಳಿಗೆ ಅಂತ ಒಂದು ಕಟ್ಟು ಬೊಂತೆ ಬೆಟ್ಟ ಹತ್ತಿತು. ದೊಡ್ಡಮ್ಮನ ಜೊತೆ ಹೊಲಿದವರು ಇಬ್ಬರು. ಪಕ್ಕದ ಮನೆಯ ರಾಮಕ್ಕ. ಆಕೆಯ ಮನೆಮಾತು ತೆಲುಗು, ಬೈಗುಳ ಮಾತ್ರ ಮೂರು ಭಾಷೆಯಲ್ಲೂ ಸಲೀಸು. ಇನ್ನೊಬ್ಬಳು ನಾಗರತ್ನಕ್ಕ; ಹೊಸೂರಿನಲ್ಲಿ ಗಾರ್ಮೆಂಟ್ಸ್ ಕೆಲಸ, ಬೆಳಗಿನಿಂದ ಸಂಜೆವರೆಗೆ ಅಂಗಿಗೆ ಕಾಲರ್ ಕೂರಿಸಿ ಮನೆಗೆ ಬರುವವಳು. ಯಾರೂ ಕೂಲಿ ಕೇಳಲಿಲ್ಲ, ಯಾರೂ ಫೋಟೋ ತೆಗೆಸಿಕೊಳ್ಳಲಿಲ್ಲ.

ಈಗ ನನ್ನ ಪಾತ್ರ. ಮಾರನೇ ವರ್ಷ, ಕಾರ್ತಿಕದ ಒಂದು ಮಧ್ಯಾಹ್ನ. ದೊಡ್ಡಮ್ಮ ರಾಗಿ ಕೊಯ್ಲಿಗೆ ಹೋಗಿದ್ದಳು, ಫೋನು ಚಾರ್ಜಿಗೆ ಅಂತ ನಮ್ಮ ಮನೆಯಲ್ಲಿತ್ತು. ಹೊಡೆದುಕೊಂಡಿತು. ನೋಡಿದರೆ ಸೆಲ್ವಿ ಟೀಚರು. ನಾಲಿಗೆ ತುರಿಸಿತು.

“ಯಾರಮ್ಮಾ ಅದು?” ಅಂದೆ, ದೊಡ್ಡಮ್ಮನ ದನಿಯಲ್ಲಿ.

“ನಾನ್ ತಾನ್ ಅಮ್ಮಾ, ಸೆಲ್ವಿ. ನಲ್ಲಾ ಇದ್ದೀರಾ?”

ಟೀಚರು ಧರ್ಮಪುರಿ ಕಡೆಯವರು. ಅವರ ಕನ್ನಡ ತಮಿಳಿನ ಮೇಲೆ ಎಳೆದ ಗಿಡ್ಡ ಹೊದಿಕೆ, ಎಷ್ಟು ಎಳೆದರೂ ಕಾಲು ಕಾಣುತ್ತಿರುತ್ತದೆ. ಹೋದ ವರ್ಷದ ಬೊಂತೆಗಳ ಒಳಗೆ ಈಗ ದೊಡ್ಡ ಮಕ್ಕಳೂ ನುಗ್ಗುತ್ತಾರೆ, ಒಂದನ್ನು ಮೂವರು ನಾಲ್ವರು ಎಳೆದಾಡಿ ಹರಿಯುತ್ತಿದೆ, ಇನ್ನೊಂದು ನಾಲ್ಕೈದು ಸಿಕ್ಕಿದರೆ ಸಾಕು ಅಂದರು.

ಆ ಹೊತ್ತಿಗೆ ನಾನು ಪೂರ್ತಿ ದೊಡ್ಡಮ್ಮ ಆಗಿಬಿಟ್ಟಿದ್ದೆ. ಸೊಂಟದ ಮೇಲೆ ಕೈ ಕೂಡ ಇಟ್ಟುಕೊಂಡಿದ್ದೆ. “ನಾಕೈದು ಯಾಕಮ್ಮಾ? ಎಲ್ಲಾ ಮಕ್ಳಿಗೂ ಕೊಡ್ತೀವಿ. ಒಂದ್ ಮಗೂನೂ ಬಿಡಲ್ಲ. ಮಾರ್ಗಶಿರ ಕಳೆಯೋದ್ರೊಳ್ಗೆ ಕಳಿಸ್ತೀವಿ, ನೀನ್ ಹೋಗಿ ನೆಮ್ಮದಿಯಾಗಿ ಪಾಠ ಮಾಡು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಎಲ್ಲಾರ್ಕುಮಾ ಅಮ್ಮಾ?”

“ಎಲ್ಲಾರ್ಗೂ!”

ಫೋನಿಟ್ಟು ಕನ್ನಡಿ ಮುಂದೆ ನಿಂತು ನನಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡೆ. ಟೀಚರು ಸುಮ್ಮನಾದದ್ದು ಸಂತೋಷಕ್ಕೆ ಅಂದುಕೊಂಡೆ. ಸಂಜೆಗೆ ಮರೆತೂ ಹೋಯಿತು.

ಮಾರನೇ ದಿನ ದೊಡ್ಡಮ್ಮನ ಅಂಗಳದಲ್ಲಿ ನಾನು ಇರುವಾಗಲೇ ಮತ್ತೆ ಫೋನು. ಟೀಚರು ಉಸಿರೂ ತೆಗೆದುಕೊಳ್ಳದೆ ಹೇಳಿಬಿಟ್ಟರು: ಬೆಳಿಗ್ಗೆ ಪ್ರೇಯರ್‌ನಲ್ಲಿ ಮಕ್ಕಳಿಗೆಲ್ಲ ಹೇಳಿದ್ದಾಯಿತು, ಪಾಪಮ್ಮ ಪಾಟಿ, ಅಂದರೆ ಪಾಪಮ್ಮಜ್ಜಿ, ಎಲ್ಲರಿಗೂ ಬೊಂತೆ ಕೊಡುತ್ತಾರೆ ಅಂತ, ಮಕ್ಕಳು ಕೈ ತಟ್ಟಿದರು, ರೊಂಬ ನನ್ರಿ ಅಮ್ಮಾ. ಇಟ್ಟೂಬಿಟ್ಟರು. ದೊಡ್ಡಮ್ಮ ಫೋನನ್ನು ಕಿವಿಯಿಂದ ಇಳಿಸಿ ಅದರ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಊರಲ್ಲಿ ಆ ದನಿ ಇರುವುದು ಇಬ್ಬರಿಗೇ.

ನಾನು ಎರಡು ಮನೆ ದಾಟಿ ಓಡಿದೆ. ಪೊರಕೆ ಮೂರು ಮನೆ ದಾಟಿ ಬಂತು.

“ಬೆಟ್ಟಕ್ ಫೋನ್ ಮಾಡಿ ಹೇಳ್ಬುಡು ದೊಡ್ಡಮ್ಮಾ, ಅದು ನಾನು ಅಂತ,” ಅಂದೆ ಬೆನ್ನು ಉಜ್ಜಿಕೊಳ್ಳುತ್ತಾ.

“ಏನಂತ ಹೇಳ್ಲಿ? ಮಾತು ನಂದಲ್ಲ, ದನಿ ನಂದು ಅಂತಾನಾ? ಕೈ ತಟ್ಟವ್ರಂತೆ ಕಣ್ಲಾ ಮಕ್ಳು. ಈಗ ಇಲ್ಲ ಅಂದ್ರೆ ಸುಳ್ ಹೇಳ್ದೋಳು ಯಾರಾಗ್ತಾರೆ? ನೀನಾ?” ಅಂದಳು. “ಸಿಫ್ಟ್ ಮುಗಿಸ್ಕೊಂಡು ದಿನಾ ಬಂದು ಕೂತ್ಕೊ. ನನ್ ದನಿ ಬತ್ತದಲ್ಲ ನಿಂಗೆ, ನನ್ ಸೂಜೀನೂ ಬರ್ಲಿ.”

ಶಾಲೆಯಲ್ಲಿ ನಲವತ್ತರ ಮೇಲೆ ಮಕ್ಕಳು. ಬೊಂತೆ ಒಂದಕ್ಕೆ ಮೂರು ಹೆಂಗಸರು ಕೂತರೂ ದಿನವೇ ಹಿಡಿಯುತ್ತದೆ, ಅದೂ ಬೇರೆ ಕೆಲಸ ಇಲ್ಲದವರಿಗೆ. ಇವರೋ, ಒಬ್ಬಳಿಗೆ ರಾಗಿ ಕೊಯ್ಲು, ಒಬ್ಬಳಿಗೆ ಎಮ್ಮೆ, ಒಬ್ಬಳಿಗೆ ಕಾಲರ್.

ಬಟ್ಟೆ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಊರಲ್ಲಿ ಕೇಳಿದೆ, ಹೊಸೂರಿನಲ್ಲಿ ಕಂಪನಿಯವರ ಮನೆಗಳಲ್ಲಿ ಕೇಳಿದೆ. ಜನ ಕೊಡುವುದಕ್ಕೆ ಹಿಂದೆ ಬೀಳಲಿಲ್ಲ. ಏನು ಕೊಟ್ಟರು ಅಂತ ಕೇಳಬೇಡಿ. ನೈಲಾನ್ ಸೀರೆ, ಕೊಕ್ಕೆ ಕಿತ್ತ ರವಿಕೆ, ಯಾವುದೋ ಪಕ್ಷದ ಟವಲು, ಒಬ್ಬ ಪುಣ್ಯಾತ್ಮ ಮಗಳ ಮದುವೆಯ ಫ್ಲೆಕ್ಸು. ಗಂಡು ಹೆಣ್ಣಿನ ನಗುಮುಖ ಸಮೇತ. ನಾಗರತ್ನಕ್ಕ ಅದನ್ನು ಬಿಚ್ಚಿ ನೋಡಿ, “ಇದ್ನ ಹೊದ್ದ ಮಗು ಚಳಿಗ್ ನಡುಗಲ್ಲ, ಹೆದ್ರಿ ನಡುಗ್ತದೆ,” ಅಂದಳು. ಹತ್ತಿ ಬಟ್ಟೆಯನ್ನು ಮಾತ್ರ ಆರಿಸಿ, ಕುದಿಸಿ ಒಗೆದು, ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಶೆಡ್ಡಿನ ಗೋಡೆಗೆ ಸಾಲಾಗಿ ಒರಗಿಸಿ, ಅವುಗಳ ಮೇಲೆ ಒಣಹಾಕುತ್ತಿದ್ದೆವು. ಹೊರಗೆ ಹಾಕಿದರೆ ಇಬ್ಬನಿಗೆ ಮತ್ತೆ ಒದ್ದೆ. ಒದ್ದೆ ಬಟ್ಟೆ, ಬ್ಲೀಚಿಂಗ್ ಪೌಡರು, ಕೊಳೆತ ಹಿಪ್ಪುನೇರಳೆ ಸೊಪ್ಪು, ಎಲ್ಲಾ ಸೇರಿದ ವಾಸನೆ ನನ್ನ ಅಂಗಿಯಿಂದ ಕಂಪನಿ ಕ್ಯಾಂಟೀನಿನವರೆಗೂ ಬರುತ್ತಿತ್ತು.

ನನ್ನ ಹೊಲಿಗೆಯ ಬಗ್ಗೆ ಎರಡು ಮಾತು. ಸೈಕಲ್ ಟ್ಯೂಬಿನ ತುಂಡನ್ನು ಬೆರಳಿಗೆ ಸುತ್ತಿಕೊಂಡು ಸೂಜಿ ತಳ್ಳಬೇಕು, ದಾರ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ನನ್ನ ದಾರ ಅಂಚಿನಿಂದ ಹೊರಟು ಎಲ್ಲೆಲ್ಲೋ ಹೋಗಿ ನೆಂಟರ ಮನೆ ಸುತ್ತಿ ಬರುತ್ತಿತ್ತು. ರಾಮಕ್ಕ ನೋಡಿ, “ಇದೇಂ ಕುಟ್ಟು ರಾ? ಏನುಗು ನಡಿಚಿನಟ್ಟುಂದಿ!” ಅಂದಳು. ಆನೆ ನಡೆದ ಹಾಗಿದೆಯಂತೆ. ನಮ್ಮ ಕಡೆ ರಾಗಿ ಹೊಲಕ್ಕೆ ಆನೆ ನುಗ್ಗಿದ ಮೇಲೆ ಹೇಗಿರುತ್ತದೆ ಅಂತ ನೋಡಿದವರಿಗೆ ಆ ಮಾತು ಎಷ್ಟು ಸರಿ ಅಂತ ಗೊತ್ತು.

ಮೊದಮೊದಲು ನಗು ಇತ್ತು. ನಾನು ಸೂಪರ್‌ವೈಸರ್ ಆಗಿ ಕೆಮ್ಮಿ “ಟಾರ್ಗೆಟ್, ಟಾರ್ಗೆಟ್” ಅಂದರೆ ನಾಗರತ್ನಕ್ಕ ಸೂಜಿ ಕೆಳಗಿಟ್ಟು ನಗುತ್ತಿದ್ದಳು. ರಾಮಕ್ಕನ ಮುಂದೆ ರಾಮಕ್ಕನನ್ನೇ ಮಾಡಿ ತೋರಿಸಿದರೆ, “ನಾನು ಅಟ್ಲ ಮಾತಾಡ್ತಾನಾ? ಥೂ, ಎಷ್ಟು ಚೆನ್ನಾಗೈತೆ!” ಅನ್ನುತ್ತಿದ್ದಳು. ದಿನ ಕಳೆದ ಹಾಗೆ ನಗು ತೆಳ್ಳಗಾಯಿತು. ದೊಡ್ಡಮ್ಮ ಕುಡುಗೋಲು ಇಟ್ಟು ನೇರ ಸೂಜಿ ಹಿಡಿಯುತ್ತಿದ್ದಳು. ಬೆರಳುಗಳು ಮಡಿಸಿದರೆ ಬಿಚ್ಚುತ್ತಿರಲಿಲ್ಲ, ಎಡಗೈಯಿಂದ ಬಲಗೈ ಬೆರಳನ್ನು ಒಂದೊಂದಾಗಿ ಎತ್ತಿ ಬಿಡಿಸಿಕೊಳ್ಳುತ್ತಿದ್ದಳು. ರಾಮಕ್ಕ ಏಳುವಾಗ ಚಂದ್ರಿಕೆ ಹಿಡಿದು ಏಳುತ್ತಿದ್ದಳು. ನಾಗರತ್ನಕ್ಕನ ಗಂಡ ಶೆಡ್ಡಿನ ಬಾಗಿಲಿಗೆ ಬಂದು, “ಊರ್ ಮಕ್ಳಿಗೆಲ್ಲಾ ಹೊಲೀತಿಯ, ನಿನ್ ಮಗನ ಚಡ್ಡಿಗೆ ಗುಂಡಿ ಇಲ್ಲ,” ಅಂದು ಹೋದ. ಅವಳು ಏನೂ ಅನ್ನಲಿಲ್ಲ. ಅವತ್ತಿನಿಂದ ಮನೆಯಲ್ಲೂ ಏನೂ ಅನ್ನಲಿಲ್ಲ.

ಆ ವಾರದಲ್ಲೇ ಒಂದು ಸಂಜೆ ನಾನು ಕಂಡಕ್ಟರ್ ಮಾಡಿ ತೋರಿಸಿದೆ. ಯಾರೂ ತಲೆ ಎತ್ತಲಿಲ್ಲ. ಇನ್ನೊಂದು ಸಲ ಮಾಡಿದೆ, ಜೋರಾಗಿ.

“ಸಾಕು ಸುರೇಸ,” ಅಂದಳು ನಾಗರತ್ನಕ್ಕ, ದಾರ ಹಲ್ಲಿನಲ್ಲಿ ಕಡಿಯುತ್ತಾ. “ನಗೋಕೂ ಸಕ್ತಿ ಬೇಕು.”

ಅಲ್ಲಿಂದ ಮುಂದೆ ನಾವು ಮಾತಿಲ್ಲದೆ ಹೊಲಿದೆವು. ದಾರ ಬಟ್ಟೆಯೊಳಗಿಂದ ಸರಿಯುವ ಸದ್ದು ಇರುತ್ತದಲ್ಲ, ಅದೊಂದೇ. ನನಗೆ ಅನುಕರಿಸಲು ಬಾರದ ಸದ್ದು ಅದು.

ನಮ್ಮ ಬೊಂತೆಗೆ ಒಂದು ಶಾಸ್ತ್ರವಿದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಕೂರಿಸುತ್ತಾರೆ, ಅದಕ್ಕೆ ಕಿವಿ ಅನ್ನುತ್ತಾರೆ. ಕೊನೆಯ ಕಿವಿಯನ್ನು ಮುಚ್ಚುವ ಮುಂಚೆ ಅದರೊಳಗೆ ಒಂದು ಚಿಟಿಕೆ ರಾಗಿ ಹಾಕಬೇಕು. ಬೊಂತೆಯ ಹೊಟ್ಟೆ ಬರಿದಾಗಿದ್ದರೆ ಹೊದ್ದವರ ಹೊಟ್ಟೆಯೂ ಬರಿದಾಗುತ್ತದೆ ಅಂತ ನಂಬಿಕೆ. ದೊಡ್ಡಮ್ಮ ಆ ಕೆಲಸವನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಹೊಸ ರಾಗಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದು, ಪ್ರತಿಯೊಂದಕ್ಕೂ ತಾನೇ ಹಾಕಿ, “ಉಂಡ್ಕೊಂಡಿರಪ್ಪಾ,” ಅಂದು ಮೂಲೆ ಮುಚ್ಚುತ್ತಿದ್ದಳು. ಮುಗಿದದ್ದನ್ನು ಶೆಡ್ಡಿನ ಕೊನೆಯಲ್ಲಿ, ಹಲಗೆ ಮೇಲೆ, ಒಂದರ ಮೇಲೊಂದು ಪೇರಿಸುತ್ತಾ ಹೋದೆವು.

ಈಗ ನೀವು ಊಹಿಸಿರುತ್ತೀರಿ. ನಾವು ಊಹಿಸಲಿಲ್ಲ. ಮನೆಯಲ್ಲಿ ಬೊಂತೆ ದಿನಾ ಕೊಡವಿ ಹೊದೆಯುವಂಥದ್ದು, ಅದಕ್ಕೆ ಯಾವತ್ತೂ ಏನೂ ಆದದ್ದಿಲ್ಲ. ಇಲ್ಲಿ ಕೊಯ್ಲಿನ ಕಾಲದಲ್ಲಿ, ಹೊಲದ ಪಕ್ಕದ ಖಾಲಿ ಶೆಡ್ಡಿನಲ್ಲಿ, ಒಂದೊಂದರ ಮೂಲೆಗೂ ರಾಗಿ ಇಟ್ಟು, ಬೆಚ್ಚಗೆ ಪೇರಿಸಿ ಇಟ್ಟಿದ್ದೆವು.

ಮಾರ್ಗಶಿರ ಇನ್ನೇನು ಮುಗಿಯಬೇಕು. ಹೊಸೂರು ಮಂಡಿಗೆ ಟೊಮೇಟೊ ಹೊಡೆಯುವ ನಮ್ಮೂರಿನ ವ್ಯಾನು ಭಾನುವಾರ ಬೆಟ್ಟಕ್ಕೆ ಬರುತ್ತದೆ ಅಂತ ಗೊತ್ತುಮಾಡಿದ್ದೆವು. ಶುಕ್ರವಾರ ಮಧ್ಯಾಹ್ನ ಮೂಟೆ ಕಟ್ಟೋಣ ಅಂತ ಮೇಲಿನ ಎರಡು ಮೂರು ಎತ್ತಿದೆ. ಅವು ಚೆನ್ನಾಗಿದ್ದವು. ಅದರ ಕೆಳಗಿನದನ್ನು ಎತ್ತಿದರೆ ಮೂಲೆ ಇಲ್ಲ. ಅದರ ಕೆಳಗಿನದಕ್ಕೂ ಇಲ್ಲ. ಹತ್ತಿ ನೂಲು ಹೊಟ್ಟಿನ ಹಾಗೆ ಉದುರಿತು. ಒಂದು ಇಲಿ ನನ್ನ ಕಾಲ ಮೇಲೇ ಹಾದುಹೋಯಿತು, ಅವಸರವೇನೂ ಇರಲಿಲ್ಲ ಅದಕ್ಕೆ, ಹೊಟ್ಟೆ ತುಂಬಿತ್ತು.

“ಎಲುಕಲಕಿ ಪೆಳ್ಳಿ ಊಟ ಹಾಕಿದಂಗಾಯ್ತು ಕದಾ,” ಅಂದಳು ರಾಮಕ್ಕ, ಗೋಡೆಗೆ ಒರಗಿ. ಇಲಿಗಳಿಗೆ ಮದುವೆ ಊಟ.

ದೊಡ್ಡಮ್ಮ ಬೈಯಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಒಂದೊಂದನ್ನೇ ತೊಡೆ ಮೇಲೆ ಹಾಕಿಕೊಂಡು, ತಿಂದ ಮೂಲೆಯನ್ನು ಸವರಿ, ಪಕ್ಕಕ್ಕಿಟ್ಟು, ಇನ್ನೊಂದನ್ನು ತೆಗೆದುಕೊಳ್ಳುತ್ತಿದ್ದಳು. ಮುಕ್ಕಾಲು ಪಾಲು ಹಾಗೇ ಇತ್ತು. ನನ್ನ ಆನೆ ನಡಿಗೆಯ ಬೊಂತೆಗಳನ್ನೂ ಇಲಿ ಬಿಟ್ಟಿರಲಿಲ್ಲ, ಅಷ್ಟು ಮಾತ್ರ ನನಗೆ ಗೌರವ.

ಸಂಜೆ ಕಂಪನಿ ಬಸ್ಸು ಇಳಿದು ನೇರ ಬಂದ ನಾಗರತ್ನಕ್ಕ ನಿಂತಲ್ಲೇ ನೋಡಿದಳು. ಚೀಲವನ್ನೂ ಕೆಳಗಿಡಲಿಲ್ಲ. “ಅಕ್ಕಾ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಮೂಲೆ ಕತ್ತರಿಸಿ ಬೇರೆ ಬಟ್ಟೆ ಹಾಕಾನ. ರಾಗಿ ಬೇಡ.”

“ರಾಗಿ ಇಲ್ದೆ ನಮ್ಮವ್ವ ಮೂಲೆ ಮುಚ್ಚಿಲ್ಲ ಕಣಮ್ಮಿ. ಅಂಬಲಿಗೆ ಇಲ್ದಿದ್ ವರ್ಸಾನೂ ನಾಕ್ ಕಾಳು ಹಾಕವ್ಳೆ. ಆ ಮಕ್ಳಿಗೆ ಬರೀ ಹೊಟ್ಟೆ ಬೊಂತೆ ಕೊಡ್ಲಾ? ಅಪ್ಪ ಅಮ್ಮ ಹತ್ರ ಇಲ್ಲ, ಅದ್ರ ಮ್ಯಾಲೆ ಇದೂನಾ?”

“ಇಲಿ ಅಲ್ಲಿಗೂ ಬತ್ತದಕ್ಕಾ. ಅಲ್ಲಿ ಬೊಂತೆ ಒಳ್ಗೆ ಮಕ್ಳಿರ್ತವೆ.”

ನನಗೆ ಸುಮ್ಮನಿರಲು ಬರುತ್ತದೆಯೇ? ಇಬ್ಬರನ್ನೂ ಸಮಾಧಾನ ಮಾಡುತ್ತೇನೆ ಅಂತ, “ರಾಗಿ ಹಾಕ್ದೇನೇ ಹೊಲ್ದು, ಹಾಕಿದೀವಿ ಅಂದ್ರಾಯ್ತು. ಬಿಚ್ಚಿ ನೋಡೋರ್ ಯಾರು?” ಅಂದೆ. ಮೂರೂ ಜನ ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ಇಲಿಯ ಬಿಲ ಎಲ್ಲಿದೆ ಅಂತ ಹುಡುಕಿದೆ.

ನಾಗರತ್ನಕ್ಕ ಚೀಲ ಹೆಗಲಿಗೇರಿಸಿ ಮನೆಗೆ ಹೋಗಿಬಿಟ್ಟಳು. ರಾಮಕ್ಕ ಎಮ್ಮೆ ಕರೆಯುವ ಹೊತ್ತಾಯಿತು ಅಂದಳು. ಇಷ್ಟು ದಿನದ್ದು ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಸತ್ಯ ಹೇಳುತ್ತೇನೆ, ಆಗಲಿ ಅಂತಲೂ ಅನ್ನಿಸಿತು. ಮೈಯಲ್ಲಿ ಅಷ್ಟು ಆಯಾಸ.

ಶನಿವಾರ ನನಗೆ ರಜೆ. ಬೆಳಿಗ್ಗೆ ಹೋದರೆ ಶೆಡ್ಡಿನ ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ದೊಡ್ಡಮ್ಮ ಕೂತಿದ್ದಳು, ಕೈಯಲ್ಲಿ ಕತ್ತರಿ. ಎದುರಿಗೆ ನಾಗರತ್ನಕ್ಕ. ಅವಳೂ ಕೆಲಸಕ್ಕೆ ಹೋಗಿರಲಿಲ್ಲ. ದೊಡ್ಡಮ್ಮ ರಾಗಿ ಹಾಕಿದ್ದ ಮೂಲೆಗಳನ್ನು, ಇಲಿ ಮುಟ್ಟದ್ದನ್ನೂ ಬಿಡದೆ, ಕತ್ತರಿಸುತ್ತಿದ್ದಳು, ನಾಗರತ್ನಕ್ಕ ಹೊಸ ಬಟ್ಟೆ ಮಡಿಸಿ ಕಿವಿ ಕೂರಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ರಾಮಕ್ಕನೂ ಬಂದು ಸೊಂಟಕ್ಕೆ ದಿಂಬು ಕೊಟ್ಟು ಕೂತಳು. ರಾಗಿಯ ಮಾತನ್ನು ಯಾರೂ ಎತ್ತಲಿಲ್ಲ.

“ಗಟ್ಟಿ ಬಟ್ಟೆ ಸಾಲ್ದು,” ಅಂದಳು ನಾಗರತ್ನಕ್ಕ. ಮೂವರೂ ನನ್ನ ಮೈ ನೋಡಿದರು. ರಜೆಯಲ್ಲೂ ನಾನು ಹಾಕುವುದು ಕಂಪನಿಯ ನೀಲಿ ಯೂನಿಫಾರಂ. ನನ್ನ ಹತ್ತಿರ ಹಳೆಯದು ಮೂರು ಇದ್ದವು, ಹೊಸದು ಒಂದು. ಮಧ್ಯಾಹ್ನದ ಹೊತ್ತಿಗೆ ಹಳೆಯವು ಮುಗಿದವು. ಸೋಮವಾರ ಯಾವುದನ್ನು ಹಾಕಿಕೊಂಡು ಹೋದೆ ಅಂತ ಕೇಳಬೇಡಿ. ಹೊಸದರ ಬೆನ್ನಿನ ಕೆಳಭಾಗವೂ ಬೆಟ್ಟದ ಮೇಲಿದೆ, ಅಂಗಿ ಒಳಕ್ಕೆ ಸಿಗಿಸಿಕೊಂಡರೆ ಗೊತ್ತಾಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ವ್ಯಾನಿನಲ್ಲಿ ಟೊಮೇಟೊ ಕ್ರೇಟುಗಳ ಜಾಗದಲ್ಲಿ ಬೊಂತೆ ಮೂಟೆ, ಮೂಟೆಗಳ ಮೇಲೆ ನಾವು. ದೊಡ್ಡಮ್ಮನ ತೊಡೆ ಮೇಲೆ ಒಂದು ಚೀಲ ರಾಗಿ ಹಿಟ್ಟು. ಯಾಕೆ ಅಂತ ಕೇಳಿದ್ದಕ್ಕೆ ಚೀಲದ ಬಾಯಿಯನ್ನು ಇನ್ನೊಂದು ಸುತ್ತು ಬಿಗಿದಳು. ಡೆಂಕಣಿಕೋಟೆ ದಾಟಿ ಕಾಡಿನ ರಸ್ತೆ ಹತ್ತುವಾಗ ಡ್ರೈವರು ಎರಡೆರಡು ಸಲ ಹೇಳಿದ: “ಬಿಸ್ಲು ಇಳಿಯೋದ್ರೊಳ್ಗೆ ವಾಪಸ್ ಹೊರಡ್ಬೇಕು. ಆನೆ ನಂಗೆ ನೆಂಟ ಅಲ್ಲ.” ಮೂರು ಹೆಂಗಸರೂ ತಾವು ಹೊಲಿದದ್ದರ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗಿದ್ದರು.

ಶಾಲೆ ಅಂದರೆ ಒಂದು ಉದ್ದನೆ ಕಟ್ಟಡ. ಹತ್ತು ಗಂಟೆಯಾದರೂ ಮಂಜು ಪೂರ್ತಿ ಬಿಟ್ಟಿರಲಿಲ್ಲ. ಮಕ್ಕಳು ಮಲಗುವ ಹಾಲಿನ ಸಿಮೆಂಟು ನೆಲಕ್ಕೆ ನಾನು ಚಪ್ಪಲಿ ಬಿಟ್ಟು ಕಾಲಿಟ್ಟೆ. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಚಳಿ ಹತ್ತಿತು. ಕಿಟಕಿಗೆ ಗೋಣಿತಟ್ಟು ಕಟ್ಟಿದ್ದರು. ಹೋದ ವರ್ಷದ ನಮ್ಮ ಪುಟ್ಟ ಬೊಂತೆಗಳು ಒಂದು ಮೂಲೆಯಲ್ಲಿದ್ದವು, ಎಳೆದಾಡಿ ಎಳೆದಾಡಿ ಉದ್ದವಾಗಿದ್ದವು. ಮಕ್ಕಳ ಕೆನ್ನೆ ಒಡೆದು ಬಿಳಿಯ ಗೀರುಗಳಾಗಿದ್ದವು. ಅದುವರೆಗೂ ಆ ಮಕ್ಕಳು ನನಗೆ ಒಂದು ಲೆಕ್ಕ ಆಗಿದ್ದರು, ಇನ್ನೆಷ್ಟು ಬಾಕಿ ಅನ್ನುವ ಲೆಕ್ಕ.

ದೊಡ್ಡಮ್ಮ ಯಾರನ್ನೂ ಮಾತಾಡಿಸದೆ ಅಡುಗೆಮನೆಗೆ ಹೋದಳು. ಅಲ್ಲಿ ಅಡುಗೆಯವಳಿಗೆ ಪಾತ್ರೆ ಸರಿಯಾಗಿ ಉಜ್ಜಿಲ್ಲ ಅಂತ ಬೈದದ್ದು ಹೊರಗೆ ಕೇಳಿಸಿತು. ಒಂದು ಹಂಡೆ ರಾಗಿ ಗಂಜಿ ಕಾಯಿಸಿ, ಬೆಲ್ಲ ಹಾಕಿ ತಂದು ಜಗುಲಿಯಲ್ಲಿಟ್ಟಳು. ಬೊಂತೆ ತೆಗೆದುಕೊಳ್ಳಲು ಬಂದ ಪ್ರತಿಯೊಂದು ಮಗುವಿಗೂ ಮೊದಲು ಒಂದು ಲೋಟ ಗಂಜಿ. ಕುಡಿದು ಮುಗಿಸಿ ಲೋಟ ಬೋರಲು ಹಿಡಿದು ತೋರಿಸಬೇಕು, ಆಮೇಲೆ ಬೊಂತೆ. “ಉಂಡ್ಕೊಂಡಿರಪ್ಪಾ,” ಅನ್ನುವಳು, ಹೆಗಲಿಗೆ ಹೊದಿಸುವಳು. ನಾಗರತ್ನಕ್ಕ ಮೂಟೆಯಿಂದ ಎತ್ತಿ ಕೊಡುತ್ತಿದ್ದವಳು ಒಂದು ಗಳಿಗೆ ಕೈ ನಿಲ್ಲಿಸಿ ದೊಡ್ಡಮ್ಮನನ್ನು ನೋಡಿ, ಮತ್ತೆ ಎತ್ತಿಕೊಟ್ಟಳು.

ಎರಡು ಜಡೆಯ ಒಂದು ಹುಡುಗಿ ಬೊಂತೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿತು: “ಒಂದು ಮೂಲೆ ಮಾತ್ರ ನೀಲಿ ಯಾಕೆ?”

ನಾನು ತಕ್ಷಣ ಶುರುಮಾಡಿದೆ, ಆಕಾಶದ ತುಂಡು, ಅದು ಇದು. ದೊಡ್ಡಮ್ಮ ನಡುವೆ ಬಾಯಿ ಹಾಕಿ, “ಇಲಿ ತಿಂದ್ಬುಡ್ತು ಕಣವ್ವ. ಅದ್ಕೆ ಇವ್ನ ಅಂಗಿ ಹರ್ದು ಹಾಕಿದೀವಿ,” ಅಂದಳು. ಹುಡುಗಿ ನನ್ನ ನೀಲಿ ಅಂಗಿ ನೋಡಿತು, ಮೂಲೆ ನೋಡಿತು, ಬಿದ್ದು ಬಿದ್ದು ನಕ್ಕಿತು. ಅದನ್ನು ನೋಡಿ ರಾಮಕ್ಕ ನಕ್ಕಳು. ಎಷ್ಟೋ ದಿನದ ಮೇಲೆ ನಮ್ಮವರಲ್ಲಿ ಒಬ್ಬರು ನಕ್ಕದ್ದು, ಅದೂ ನಾನು ಏನೂ ಮಾಡದೆ.

ಎಲ್ಲಾ ಮುಗಿದಾಗ ನಾವು ಜಗುಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆವು. ದೊಡ್ಡ ಕೆಲಸ ಮುಗಿಸಿದ ಮೇಲೆ ಏನೋ ಸಂತೋಷ ಆಗುತ್ತದೆ ಅನ್ನುತ್ತಾರೆ. ನಮಗೆ ಹಾಗೇನೂ ಆಗಲಿಲ್ಲ. ನಾಗರತ್ನಕ್ಕ ಅಂಗೈ ಮೇಲೆ ಮಾಡಿ ಬೆರಳುಗಳನ್ನು ಸುಮ್ಮನೆ ನೋಡಿಕೊಳ್ಳುತ್ತಿದ್ದಳು. ರಾಮಕ್ಕ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಸೆಲ್ವಿ ಟೀಚರು ಚಹಾ ತಂದುಕೊಟ್ಟು, ದೊಡ್ಡಮ್ಮನ ಕೈ ಹಿಡಿದು, “ಅವತ್ತು ಫೋನ್‌ನಲ್ಲಿ ನೀವು ಹೇಳಿದ ಒಂದು ಮಾತು ಅಮ್ಮಾ, ಮಕ್ಕಳು ದಿನಾ ನೆನೆಸ್ಕೊಂಡ್ರು,” ಅಂದರು. ದೊಡ್ಡಮ್ಮ ಚಹಾ ಊದುತ್ತಾ ಕೂತಳು.

ವ್ಯಾನಿನವನು ಹಾರ್ನ್ ಹೊಡೆದ. ಎಲ್ಲರೂ ಎದ್ದರು. ನನಗೆ ತಡೆಯಲಾಗಲಿಲ್ಲ. ಪಶ್ಚಾತ್ತಾಪ ಅಂದುಕೊಳ್ಳಬೇಡಿ, ನನಗೆ ಬೇಕಿದ್ದದ್ದು ಕ್ಷಮೆಗಿಂತ ಹೆಚ್ಚಾಗಿ ಒಂದು ಶಹಬ್ಬಾಸ್. ಅಷ್ಟು ದಿನ ಸೂಜಿ ಹಿಡಿದವನಿಗೆ ಅದೊಂದಾದರೂ ಸಿಗಬೇಡವೇ?

“ಟೀಚರ್, ಒಂದ್ ನಿಜ ಹೇಳ್ಲಾ? ಅವತ್ತು ಫೋನ್‌ನಲ್ಲಿ ಮಾತಾಡಿದ್ದು ದೊಡ್ಡಮ್ಮ ಅಲ್ಲ. ನಾನು.” ಹೇಳಿ, ಅವರ ಬಾಯಿ ತೆರೆಯುವುದನ್ನು ಕಾದೆ.

“ತೆರಿಯುಂ ಪ್ಪಾ. ಅವತ್ತೇ ಗೊತ್ತಾಯ್ತು,” ಅಂದರು ಟೀಚರು, ಲೋಟಗಳನ್ನು ಎತ್ತಿಕೊಳ್ಳುತ್ತಾ.

“ಹೆಂಗೆ? ದನಿ ಸರಿ ಇರ್ಲಿಲ್ವಾ?”

“ದನಿ ಅಪ್ಪಡಿಯೇ ಅಮ್ಮಂದೇ. ಆದ್ರೆ ನೀನು ಬೈಲೇ ಇಲ್ವಲ್ಲ! ಅಮ್ಮ ಒಂದು ಹೂಂ ಅನ್ನೋ ಮುಂಚೆ ಎಷ್ಟು ಬೈತಾರೆ ಅಂತ ಬಸ್ಸಲ್ಲೇ ನೋಡಿದ್ದೆ. ನೀನು ಕೇಳಿದ ತಕ್ಷಣ ಎಲ್ಲಾರ್ಗೂ ಅಂದ್ಬಿಟ್ಟೆ. ನಾನೂ ಸ್ವಲ್ಪ ಯೋಚನೆ ಮಾಡ್ದೆ. ಆಮೇಲೆ ಹೋಗಿ ಮಕ್ಕಳಿಗೆ ಹೇಳ್ಬಿಟ್ಟೆ.”

ನನ್ನ ಜೀವಮಾನದ ಅತ್ಯುತ್ತಮ ಕಳ್ಳತನ ಎರಡು ನಿಮಿಷವೂ ನಿಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ತೂತುಬಿದ್ದ ಬೆರಳು, ಹೋದ ಅಂಗಿಗಳು, ಮಾತು ಬಿಟ್ಟ ಗಂಡ ಹೆಂಡತಿ, ಎಲ್ಲಾ ಒಟ್ಟಿಗೆ ತಲೆಗೇರಿದವು. ವ್ಯಾನು ಹತ್ತಲು ಸೀರೆ ಎತ್ತಿ ಹಿಡಿದು ನಿಂತಿದ್ದ ದೊಡ್ಡಮ್ಮನ ಕಡೆ ತಿರುಗಿದೆ.

“ಕೇಳಿಸ್ಕೊಂಡ್ಯಾ ದೊಡ್ಡಮ್ಮಾ? ಇವ್ರಿಗೆ ಅವತ್ತೇ ಗೊತ್ತಿತ್ತಂತೆ, ಅದು ನಿನ್ ಮಾತಲ್ಲ ಅಂತ! ನಿನ್ ಮಾತು ಹೋಗ್ಬಾರ್ದು ಅಂತ ತಾನೆ ಇಷ್ಟೆಲ್ಲಾ ಹೊಲ್ದಿದ್ದು? ಫೋನೇ ಸುಳ್ಳು ಅಂದ್ಮ್ಯಾಲೆ ನಾವು ಇಷ್ಟ್ ದಿನ ಬೆರಳು ಚುಚ್ಕೊಂಡು ಸತ್ತಿದ್ದು ಯಾಕೆ, ಹೇಳು?”

ದೊಡ್ಡಮ್ಮ ಒಂದು ಕಾಲು ವ್ಯಾನಿನ ಮೇಲಿಟ್ಟು ಹಿಂದಕ್ಕೆ ನೋಡಿದಳು. ಅಂಗಳದಲ್ಲಿ ಮಕ್ಕಳು ಹಾಡುಹಗಲೇ ಬೊಂತೆ ಹೊದ್ದು ಓಡುತ್ತಿದ್ದರು, ನೀಲಿ ಮೂಲೆಗಳು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದವು.

“ಫೋನು ಸುಳ್ಳು ಕಣ್ಲಾ,” ಅಂದಳು. “ಚಳೀನೂ ಮಿಮಿಕ್ರಿ ಮಾಡ್ತಿತ್ತೇನ್ಲಾ?”